ಸುಣ್ಣದಲ್ಲೇ ಇದ್ಯಾ, ಗಾರೆಗೆ ಇಳಿದಿದ್ಯಾ?

ಕೋಲಾರದಲ್ಲಿ ಎಂಡೋಸ್ಕೋಪಿ ಮಾಡ್ತಾ 12 ವರ್ಷ ಆಯ್ತು. ಹೊಟ್ಟೆ ಕ್ಯಾನ್ಸರ್ ಇರೋರು ಸಾಮಾನ್ಯವಾಗಿ ಊಟ ಇಳೀತಿಲ್ಲ, ವಾಂತಿ ಅಂತ ಲೇಟಾಗೇ ಬರೋದು. ಮುಳಬಾಗಿಲು ಕಡೆಯ ಗಾರೆ ಮೇಸ್ತ್ರಿ ಒಬ್ರು ಮಾತ್ರ ಬರೀ ಎದೆಯುರಿಗೆ ಬಂದ್ರು, ಗ್ಯಾಸ್ ಮಾತ್ರೆ ನುಂಗಿ ನುಂಗಿ ಸಾಕಾಗಿತ್ತಂತೆ. ಪೈಪ್ ಇಳಿಸಿ ನೀರು ಹಾಯ್ಸಿ ಲೋಳೆ ತೊಳೆದ್ಮೇಲೆ ಕಾಣಿಸ್ತು, ಒಂದೂವರೆ ಸೆಂಟಿಮೀಟರ್ ಕೆಂಪು ತಗ್ಗು, ತೊಳೀದೇ ಇದ್ದಿದ್ರೆ ತಪ್ಪೋಗ್ತಿತ್ತು.

ನಾನು ಗಾಬರಿಗೆ ಎಂಟು ಕಡೆ ಬಯಾಪ್ಸಿ ತಗೊಂಡ್ಬಿಟ್ಟೆ, ತಪ್ಪು ನಂದೇ. ಇಂಥದ್ದಕ್ಕೆ ಒಂದೆರಡು ಚೂರು ಸಾಕು, ಜಾಸ್ತಿ ಚಿವುಟಿದ್ರೆ ಕೆಳಗೆ ಕಲೆ ಕಟ್ಟಿ ಆಮೇಲೆ ಸುಲಿದು ತೆಗೆಯೋರಿಗೆ ಕಷ್ಟ. ಅಷ್ಟಕ್ಕೂ ಬಯಾಪ್ಸಿ ಕ್ಯಾನ್ಸರ್ ಹೌದೋ ಅಲ್ವೋ, ಯಾವ ಥರದ್ದು ಅಂತ ಹೇಳುತ್ತೆ, ಎಷ್ಟು ಆಳ ಅಂತ ಹೇಳಲ್ಲ.

"ಹೊಟ್ಟೆ ಪೂರ್ತಿ ತೆಗೀತಾರಾ ಸಾರ್?" ಅಂದ್ರು. ಅವರ ಕೆಲಸದಲ್ಲೇ ಹೇಳ್ದೆ: ಯಜಮಾನ್ರೇ, ಗೋಡೆಗೆ ಮೇಲೆ ಸುಣ್ಣ, ಕೆಳಗೆ ಗಾರೆ, ಆಮೇಲೆ ಇಟ್ಟಿಗೆ, ಹೊಟ್ಟೆ ಒಳಗೋಡೆನೂ ಹಂಗೇ ಪದರ ಪದರ. ಕ್ಯಾನ್ಸರ್ ಸುಣ್ಣದಲ್ಲೇ ಇದ್ರೆ ಕೆರೆದು ತೆಗೀಬಹುದು, ಗಂಟಿಗೆ ಅಂದ್ರೆ ಲಿಂಫ್ ನೋಡ್‌ಗೆ ಹರಡಿರೋ ಚಾನ್ಸ್ 100ಕ್ಕೆ 2-3. ಗಾರೆಗೆ ಇಳಿದ್ರೆ ಅಲ್ಲಿ ರಕ್ತ, ಲಿಂಫ್ ಹರಿಯೋ ಪೈಪ್‌ಲೈನ್ ಜಾಸ್ತಿ, ಚಾನ್ಸ್ 20ರ ಹತ್ರ ಹೋಗುತ್ತೆ, ಆಗ ಗಂಟುಗಳ ಸಮೇತ ಹೊಟ್ಟೆ ಭಾಗ ತೆಗೀಬೇಕು. ಗಾರೇಲೂ 0.5 ಮಿಲಿಮೀಟರ್ ಒಳಗಿದ್ದು, ಗೆಡ್ಡೆ 3 ಸೆಂಟಿಮೀಟರ್ ಮೀರದೆ, ಒಳ್ಳೇ ಥರದ್ದಾಗಿ, ಅಂಚು ರಕ್ತನಾಳ ಎಲ್ಲ ಕ್ಲೀನ್ ಇದ್ರೆ ಕೆರೆದಿದ್ದೇ ಸಾಕು.

ಬೆಂಗಳೂರಿಗೆ ಕಳಿಸ್ದೆ. ಎಂಡೋಸ್ಕೋಪಿಕ್ ಅಲ್ಟ್ರಾಸೌಂಡಲ್ಲಿ ಮೇಲ್ಪದರ ಅಷ್ಟೇ ಅಂತ ಬಂತು, ಅದನ್ನ ನಾನು ಯಾವತ್ತೂ ಪೂರ್ತಿ ನಂಬಲ್ಲ, ಅರ್ಧ ಮಿಲಿಮೀಟರ್ ವ್ಯತ್ಯಾಸ ಅದಕ್ಕೆ ಸರಿಯಾಗಿ ಸಿಗಲ್ಲ. ಈಎಸ್‌ಡಿ, ಅಂದ್ರೆ ಹೊಟ್ಟೆ ಕೊಯ್ಯದೆ ಪೈಪ್ ಮೂಲಕವೇ ಪದರ ಸುಲಿಯೋದು, ಅದನ್ನ ಮಾಡಿ ಒಂದೇ ತುಂಡಾಗಿ ತೆಗೆದ್ರು. ನನ್ನ ಬಯಾಪ್ಸಿ ಕಲೆ ಇದ್ದ ಕಡೆ ದ್ರವ ಚುಚ್ಚಿದ್ರೂ ಪದರ ಮೇಲೇಳ್ಲಿಲ್ಲವಂತೆ, ಅವ್ರು ಫೋನಲ್ಲಿ ನಗ್ತಾನೇ ಬೈದ್ರು. ತುಂಡನ್ನ ಹಲಗೆ ಮೇಲೆ ಪಿನ್ ಹೊಡೆದು ಹರಡಿ 2 ಮಿಲಿಮೀಟರ್‌ಗೊಂದು ಸೀಳಿ ನೋಡಿದಾಗ್ಲೇ ನಿಜವಾದ ಆಳ ಗೊತ್ತಾಗೋದು. ಬಂದಿದ್ದು ಗಾರೆಯೊಳಗೆ 0.8 ಮಿಲಿಮೀಟರ್, 0.5ರ ಗಡಿ ದಾಟಿತ್ತು.

ಮತ್ತೆ ಆಪರೇಷನ್. ತೆಗೆದ ಗಂಟುಗಳಲ್ಲಿ ಕ್ಯಾನ್ಸರ್ ಏನೂ ಇರ್ಲಿಲ್ಲ.

"ಹಂಗಾದ್ರೆ ಸುಮ್ನೆ ಕೊಯ್ದ್ರಾ ಸಾರ್?" ಅಂತ ಮೇಸ್ತ್ರಿ ಕೇಳಿದ್ರು. ಹಿಂಗೆ ಎರಡನೇ ಸಲ ಕೊಯ್ಸಿಕೊಂಡೋರಲ್ಲಿ 10ಕ್ಕೆ 9 ಜನಕ್ಕೆ ಗಂಟು ಕ್ಲೀನೇ ಇರುತ್ತೆ, ಆ ಒಬ್ರು ಯಾರು ಅಂತ ಮೊದಲೇ ಗೊತ್ತಾಗಲ್ಲ ಅಂದೆ. ಅವ್ರು ಸ್ವಲ್ಪ ಹೊತ್ತು ಸುಮ್ನಿದ್ದು, "ಪೈಪ್ ಲೀಕ್ ಹುಡುಕೋಕೆ ನಾವೂ ಗೋಡೆ ಒಡೀತೀವಿ ಬಿಡಿ" ಅಂದ್ರು. ಈಗ ಮುದ್ದೆ ಅರ್ಧ ಅಷ್ಟೇ, ವರ್ಷಕ್ಕೊಂದ್ಸಲ ಪೈಪ್ ಹಾಕಿಸ್ಕೊಳ್ಳೋಕೆ ಬರ್ತಾರೆ.