ಐದನೇ ತಿಂಗಳಲ್ಲಿ ಹೋದದ್ದು ಲೆಕ್ಕಕ್ಕಿಲ್ಲವೇ?

ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆ ವೈದ್ಯೆಯಾಗಿ ನನ್ನ ಮೊದಲ ವರ್ಷ. ತಾಯಿ ಕಾರ್ಡ್ ಹಿಡಿದು ಬಂದವರನ್ನು "ಎಷ್ಟು ಮಕ್ಕಳು?" ಎಂದು ಕೇಳುತ್ತಿದ್ದೆ. "ಇದೇ ಮೊದಲು" ಎಂದರೆ ಹಾಗೇ ಬರೆದು ಮುಂದಿನವರನ್ನು ಕರೆಯುತ್ತಿದ್ದೆ. ಹಾಗೆ ಬರೆಸಿಕೊಂಡು ಹೋದ ಒಬ್ಬಳಿಗೆ 25ನೇ ವಾರಕ್ಕೇ ಹೆರಿಗೆಯಾಯಿತು. ಮಗು ಉಳಿಯಲಿಲ್ಲ. ಆಮೇಲೆ ಅವಳ ತಾಯಿ ಹೇಳಿದರು, ಹಿಂದೆಯೂ ಒಂದು ಬಸಿರು ಐದೂವರೆ ತಿಂಗಳಿಗೆ ನೋವು ಬಂದು ಹೋಗಿತ್ತಂತೆ. ಅವರ ಮಾತಲ್ಲಿ ಅದು 'ಅಬಾರ್ಷನ್'. ಅದನ್ನು ನಾನು ಕೇಳಿಯೇ ಇರಲಿಲ್ಲ.

37 ವಾರ ತುಂಬುವ ಮೊದಲು ತಾನಾಗೇ ಹೆರಿಗೆಯಾಗಬಹುದು ಎನ್ನುವುದಕ್ಕೆ ಇಂಥ ಹಿಂದಿನ ಘಟನೆಗಿಂತ ದೊಡ್ಡ ಸುಳಿವು ಅಪರೂಪ.

ಈಗ ನಾನು ಕೇಳುವುದು, "ಇದಕ್ಕೂ ಮೊದಲು ಎಷ್ಟು ಸಲ ಬಸುರಿ ಆಗಿದ್ರಿ? ಪ್ರತಿಯೊಂದೂ ಎಷ್ಟು ತಿಂಗಳಿಗೆ ಮುಗೀತು?" ಅತ್ತೆ, ಗಂಡ ಸ್ವಲ್ಪ ಹೊತ್ತು ಹೊರಗಿರುತ್ತಾರೆ. ಎದುರಿಗೆ ಹೇಳಲಾಗದ್ದು ಎಷ್ಟೋ ಇರುತ್ತದೆ, ಅಲ್ವಾ? ನೋವು ತಾನಾಗೇ ಬಂತಾ, ನೀರು ಮೊದಲು ಹೋಯ್ತಾ, ಇಲ್ಲಾ ಬಿಪಿ ಜಾಸ್ತಿಯಾಗಿ ಡಾಕ್ಟರೇ ಹೆರಿಗೆ ಮಾಡಿಸಿದ್ರಾ? ಈ ಕೊನೆಯದು ಬೇರೆಯೇ ಕಥೆ. ಗರ್ಭಕೋಶದ ಬಾಯಿಗೆ ಆಪರೇಷನ್ ಆಗಿದೆಯಾ ಎಂದೂ ಕೇಳುತ್ತೇನೆ. ಅವಳಿ, ಹಿಂದಿನ ಹೆರಿಗೆಯಾಗಿ ಆರು ತಿಂಗಳೊಳಗೇ ಮತ್ತೆ ಬಸಿರು, ಮೂತ್ರದ ಸೋಂಕು, ಹೊಗೆಸೊಪ್ಪು, ತೀರಾ ಸಣಕಲು ಮೈ, ಇವನ್ನೂ ಬಿಡುವುದಿಲ್ಲ.

ಹಿಂದೆ ಹಾಗಾಗಿದ್ದರೆ 16ನೇ ವಾರದಿಂದ 24ರವರೆಗೆ ಎರಡೆರಡು ವಾರಕ್ಕೊಮ್ಮೆ ಗರ್ಭಕೋಶದ ಕೊರಳಿನ ಉದ್ದ ನೋಡಲು ಯೋನಿಯ ಮೂಲಕ ಒಳಗಿನಿಂದ ಸ್ಕ್ಯಾನ್ ಮಾಡಿಸುತ್ತೇನೆ. ಹೊಟ್ಟೆಯ ಮೇಲಿನ ಸ್ಕ್ಯಾನ್ ಇದಕ್ಕೆ ಸಾಲದು. ಮೂತ್ರಚೀಲ ತುಂಬಿದ್ದರೆ ಕೊರಳು ಇರುವುದಕ್ಕಿಂತ ಉದ್ದ ಕಾಣುತ್ತದೆ. ಆ ಕೊರಳು 25 ಮಿಲಿಮೀಟರ್‌ಗಿಂತ ಗಿಡ್ಡ ಇದ್ದರೆ ಬೇಗ ಹೆರಿಗೆಯಾಗುವ ಭಯ ಹೆಚ್ಚು; ಆಗ ಬಸಿರು ಉಳಿಸಲು ನೆರವಾಗುವ ಹಾರ್ಮೋನು ಪ್ರೊಜೆಸ್ಟರಾನ್ ಅಥವಾ ಕೊರಳಿಗೆ ಹಾಕುವ ಹೊಲಿಗೆಯ ಮಾತು ಶುರು.

ಆದರೆ ಯಾವ ಸುಳಿವೂ ಇಲ್ಲದವರಿಗೂ ಬೇಗ ಹೆರಿಗೆಯಾಗುತ್ತದೆ. ಹಾಗಾಗಿ ಎಲ್ಲರಿಗೂ ಹೇಳುತ್ತೇನೆ: ಸೊಂಟ ನೋವು ಬಿಟ್ಟು ಬಿಟ್ಟು ಬಂದರೆ, ಹೊಟ್ಟೆ ಗಟ್ಟಿಯಾಗಿ ಸಡಿಲವಾಗುತ್ತಿದ್ದರೆ, ನೀರು ಹೋದರೆ, "ಸುಮ್ನೆ ಗ್ಯಾಸ್ ಇರಬೇಕು" ಎಂದು ಬೆಳಗಿನವರೆಗೆ ಕಾಯಬೇಡಿ. ಬೇಗ ಬಂದರೆ ಮಗುವಿನ ಶ್ವಾಸಕೋಶ ಬಲಿಯಲು ಸ್ಟೀರಾಯ್ಡ್ ಕೊಡಲು ಸಮಯ ಸಿಗುತ್ತದೆ. ಡೆಕ್ಸಾಮೆಥಾಸೋನ್ ಆದರೆ 12 ಗಂಟೆಗೊಂದರಂತೆ ನಾಲ್ಕು ಇಂಜೆಕ್ಷನ್.

ಹಿಂದೆ ಬೇಗ ಹೆರಿಗೆಯಾದವರ ಕಾರ್ಡಿನ ಮೊದಲ ಪುಟದಲ್ಲೇ ಕೆಂಪು ಪೆನ್ನಿನಲ್ಲಿ ಬರೆಯುತ್ತೇನೆ, ಎಷ್ಟನೇ ವಾರಕ್ಕೆ ಆಯಿತೆಂದು. ನಡುರಾತ್ರಿ ನೋವೆಂದು ಬಂದರೆ ಡ್ಯೂಟಿ ಸಿಸ್ಟರ್ ಕಣ್ಣಿಗೆ ಮೊದಲು ಅದೇ ಬೀಳಬೇಕು.