ಎಳೆ ಕುದುರೆಗೆ ಸರಿಯಾದ ಲೀಡ್ ಹಿಡಿಸುವುದು ಹೇಗೆ

ನಿಮ್ಮ ಕುದುರೆ ಎಡಕ್ಕೆ ಸುತ್ತುವಾಗ ಬಲಗಾಲು ಮುಂದೆ ಚಾಚಿ ಕ್ಯಾಂಟರ್ (ನೆಗೆಯುತ್ತಾ ಹೋಗುವ ಓಟ) ಹೋಗುತ್ತಾ? ಕ್ಯಾಂಟರ್‌ನಲ್ಲಿ ಯಾವ ಮುಂಗಾಲು ಹೆಚ್ಚು ಮುಂದೆ ಚಾಚುತ್ತದೋ ಅದೇ ಲೀಡ್, ಎಡಕ್ಕೆ ಸುತ್ತುವಾಗ ಎಡಗಾಲು ಚಾಚಬೇಕು. ಮೊದಲೇ ಹೇಳಿಬಿಡುತ್ತೇನೆ, ಅದಕ್ಕೆ ಬಾರುಕೋಲು ಎತ್ತಬೇಡಿ. ಅದು ಹಟ ಅಲ್ಲ. ಹೆಚ್ಚಿನ ಸಲ ನಾವು ಕೇಳಿದ, ಅಂದರೆ ಕಾಲು, ಸೊಂಟ, ಲಗಾಮಿನಿಂದ ಸೂಚನೆ ಕೊಟ್ಟ ಹೊತ್ತು ತಪ್ಪಿರುತ್ತದೆ, ಇಲ್ಲಾ ಅದಕ್ಕೆ ಎಲ್ಲೋ ನೋವಿರುತ್ತದೆ.

ಕ್ಯಾಂಟರ್‌ನ ಒಂದೊಂದು ಹೆಜ್ಜೆಗೆ 3 ಸಪ್ಪಳ ಕೇಳುತ್ತವೆ. ಎಡ ಲೀಡ್ ಆದರೆ ಮೊದಲು ಹಿಂದಿನ ಬಲಗಾಲು ಊರುತ್ತದೆ, ಆಮೇಲೆ ಹಿಂದಿನ ಎಡಗಾಲು ಮತ್ತು ಮುಂದಿನ ಬಲಗಾಲು ಒಟ್ಟಿಗೆ, ಕೊನೆಗೆ ಮುಂದಿನ ಎಡಗಾಲು, ಆಮೇಲೆ ಚೂರು ಹೊತ್ತು ನಾಲ್ಕೂ ಕಾಲು ಗಾಳಿಯಲ್ಲಿ. ನಮ್ಮ ಕಣ್ಣಿಗೆ ಬೀಳುವುದು ಚಾಚಿದ ಎಡಗಾಲು. ಆದರೆ ಲೀಡ್ ಯಾವುದು ಅಂತ ತೀರ್ಮಾನ ಆಗುವುದು ಹಿಂದಿನ ಬಲಗಾಲಿನಲ್ಲಿ. ಅಂದರೆ ಸುತ್ತಿನ ಹೊರಗಡೆಯ ಹಿಂಗಾಲು. ನೀವು ಕೇಳಬೇಕಾದದ್ದು ಆ ಕಾಲನ್ನು.

ನೆಲದ ವಿಚಾರ. ನಮ್ಮ ಧಾರವಾಡ, ಗದಗ ಕಡೆ ಜೋಳ ಕೊಯ್ದ ಮೇಲೆ ಎರೆ ಹೊಲ ಖಾಲಿ ಬಿದ್ದಿರುತ್ತದಲ್ಲ, ಅಲ್ಲಿ ಮಾತ್ರ ಇಳಿಸಬೇಡಿ. ಬೇಸಿಗೆಗೆ ದೊಡ್ಡ ದೊಡ್ಡ ಬಿರುಕು ಬಿಟ್ಟಿರುತ್ತದೆ, ಗೊರಸು ಸಿಕ್ಕಿತೋ ಕಾಲು ಹೋಯಿತು. ಮಳೆ ಬಿದ್ದರೆ ಅಂಟು, ಜಾರು. ಮಸಾರಿ (ಕೆಂಪು ಮಣ್ಣಿನ) ನೆಲ ನೋಡಿ. ಕಲ್ಲು ಆರಿಸಿ, ಒಮ್ಮೆ ಕುಂಟೆ ಹೊಡೆದು ಸಡಿಲ ಮಾಡಿ. ಹಿಂದೆ ಕಣದ ನಡುವೆ ಮೇಟಿ ನೆಟ್ಟು ಎತ್ತು ತಿರುಗಿಸುತ್ತಿದ್ದರಲ್ಲ, ಹಾಗೇ ಒಂದು ಗೂಟ ಊರಿ, 10 ಮೀಟರ್ ಹಗ್ಗ ಹಿಡಿದು ಸುತ್ತಲೂ ಸುಣ್ಣದ ಪುಡಿ ಚೆಲ್ಲುತ್ತಾ ಹೋಗಿ, ಆಮೇಲೆ ಗೂಟ ಕಿತ್ತುಬಿಡಿ. ಅಡ್ಡಳತೆ 20 ಮೀಟರ್ ಆಯಿತು. ಎಳೆ ಕುದುರೆಗೆ ಇದಕ್ಕಿಂತ ಚಿಕ್ಕ ಸುತ್ತು ಬೇಡ, ಅದಕ್ಕೆ ತನ್ನ ಮೈ ತೂಕ ಹಿಡಿಯುವುದೇ ಕಷ್ಟ, ಮೇಲೆ ನಮ್ಮದು ಬೇರೆ.

ಹತ್ತುವ ಮುಂಚೆ ಉದ್ದ ಹಗ್ಗದಲ್ಲಿ ಎರಡೂ ಕಡೆ ಸುತ್ತು ಹಾಕಿಸಿ. ಬೆನ್ನ ಮೇಲೆ ಯಾರೂ ಇಲ್ಲದಾಗ ಎರಡೂ ಲೀಡ್ ಸಲೀಸಾಗಿ ಹಿಡಿದರೆ ತೊಂದರೆ ಜೀನಿನಲ್ಲಿದೆ, ಇಲ್ಲಾ ನಮ್ಮಲ್ಲಿದೆ. ನನ್ನ ಕಂದು ಹೆಣ್ಣು ಕುದುರೆಗೆ ಆಗ 4 ವರ್ಷ. ಹಗ್ಗದಲ್ಲಿ ಚೆನ್ನಾಗಿ ಹೋಗುತ್ತಿತ್ತು, ನಾನು ಹತ್ತಿದರೆ ಎಡ ಲೀಡ್ ಬರುತ್ತಲೇ ಇರಲಿಲ್ಲ. ಒಂದು ವಾರ ಸುಮ್ನೆ ಅದರ ಜೊತೆ ಗುದ್ದಾಡಿದೆ. ಒಂದು ಸಂಜೆ ಜೀನು ಇಳಿಸಿ ನೋಡುತ್ತೇನೆ, ಬೆನ್ನೆಲ್ಲಾ ಬೆವರು, ಬಲಗಡೆ ಮಾತ್ರ ಅಂಗೈ ಅಗಲ ಒಣಗಿದ ಕಲೆ. ಹಳೇ ಜೀನು, ಒಳಗಿನ ತುಂಬು ಆ ಕಡೆ ಗಂಟುಗಟ್ಟಿ ಅಲ್ಲೇ ಒತ್ತುತ್ತಿತ್ತು. ಅದರ ಬೆನ್ನು ಸವರಿ ತುಂಬಾ ಹೊತ್ತು ನಿಂತೆ. ನಿಮ್ಮ ಕುದುರೆ ಒಂದು ಲೀಡ್ ಇದ್ದಕ್ಕಿದ್ದಂತೆ ಬಿಟ್ಟರೆ ಜೀನು, ಹಲ್ಲು, ಲಾಳ, ಬೆನ್ನು ಎಲ್ಲ ನೋಡಿಸಿ. ಪಶುವೈದ್ಯರನ್ನು ಕರೆಸದೇ ಮುಂದಕ್ಕೆ ಹೋಗಬೇಡಿ.

ಈಗ ಕೇಳುವ ಹೊತ್ತು. ಎಡಕ್ಕೆ ಸುತ್ತುತ್ತಾ ಟ್ರಾಟ್ (ನಡಿಗೆಗೂ ಕ್ಯಾಂಟರ್‌ಗೂ ನಡುವಿನ ಕುಲುಕು ಓಟ) ಹೋಗುತ್ತಿದ್ದೀರಿ ಅಂದುಕೊಳ್ಳಿ. ಕುದುರೆಯ ಹೊರಗಿನ ಭುಜ, ಅಂದರೆ ಬಲಭುಜ ಮುಂದೆ ಹೋದಾಗ ಜೀನಿನಿಂದ ಚೂರು ಏಳಿ, ಅದು ಹಿಂದೆ ಬಂದಾಗ ಕೂರಿ. ನೀವು ಕೂತ ಆ ಕ್ಷಣದಲ್ಲಿ ಹಿಂದಿನ ಬಲಗಾಲು ಗಾಳಿಯಲ್ಲಿ ಮುಂದೆ ಬರುತ್ತಿರುತ್ತದೆ, ಇನ್ನೇನು ಊರಬೇಕು. ಕೇಳುವುದು ಆಗಲೇ. ನಿಮ್ಮ ಬಲಗಾಲು ಹೊಟ್ಟೆಪಟ್ಟಿಗಿಂತ ಅಂಗೈ ಅಗಲದಷ್ಟು ಹಿಂದೆ, ಎಡಗಾಲು ಪಟ್ಟಿಯ ಹತ್ತಿರ ಒತ್ತಿ, ಎಡಗಡೆ ಸೊಂಟ ಚೂರು ಮುಂದೆ. ಒಳಗಿನ ಲಗಾಮು ಕುದುರೆಯ ಎಡಗಣ್ಣಿನ ರೆಪ್ಪೆ ಕಾಣುವಷ್ಟು ಸಾಕು. ಹೊರಗಿನ ಲಗಾಮು ಬಿಟ್ಟುಕೊಡಬೇಡಿ, ಭುಜ ಹೊರಗೆ ಜಾರುತ್ತದೆ. ಯಾವ ಕಾಲು ಬಂತು ಅಂತ ಬಗ್ಗಿ ನೋಡುವ ಚಾಳಿ ಎಲ್ಲರಿಗೂ ಇದೆ, ಬಗ್ಗಿದರೆ ಪೂರ್ತಿ ತೂಕ ಒಳಭುಜದ ಮೇಲೆ ಬಿತ್ತು, ಆ ಕಾಲು ಮುಂದೆ ಚಾಚೋದು ಹೇಗೆ? ನೆಟ್ಟಗೆ ಕೂತು ಕಣ್ಣಷ್ಟೇ ಇಳಿಸಿ.

ಮೊದಲು ಈ ಹೊತ್ತು ಗೊತ್ತಾಗುವುದು ಕಷ್ಟ. ನನಗೆ ನಮ್ಮ ಓಣಿಯ ಹುಡುಗ ಒಬ್ಬ ನೆಲದ ಮೇಲೆ ನಿಂತು ಹಿಂಗಾಲು ನೋಡಿ ಕೂಗುತ್ತಿದ್ದ: "ಈಗ್ರಿ ಅಣ್ಣಾರ... ಈಗ್ರಿ... ಈಗ್ರಿ!" ಕ್ಯಾಂಟರ್ ಕೇಳದೇ ಬರೀ ಅವನ ಕೂಗಿಗೆ ಮೈ ಹೊಂದಿಸುತ್ತಾ ನಾಲ್ಕೈದು ದಿನ ಟ್ರಾಟ್ ಮಾಡಿದೆ. ನೀವೂ ಯಾರನ್ನಾದರೂ ನಿಲ್ಲಿಸಿಕೊಳ್ಳಿ, ನಿಜವಾಗಿ ಜಾಸ್ತಿ ಉಪಯೋಗ ಆದದ್ದು ಇದೇ.

ಅಷ್ಟಾದರೂ ಬರಲಿಲ್ಲ ಅಂದರೆ ಟ್ರಾಟ್‌ನಲ್ಲೇ ಸುತ್ತನ್ನು ನಿಧಾನಕ್ಕೆ 15 ಮೀಟರ್‌ಗೆ ಇಳಿಸಿ, ಮತ್ತೆ ಒಳಗಾಲಿನಿಂದ ಹೊರಗೆ ತಳ್ಳುತ್ತಾ 20ಕ್ಕೆ ಬನ್ನಿ, ಸುಣ್ಣದ ಗೆರೆ ಮುಟ್ಟುತ್ತಲೇ ಕೇಳಿ. ಗೆರೆಯ ಮೇಲೆ ಒಂದು ಬಿದಿರು ಅಡ್ಡ ಇಟ್ಟು, ಅದನ್ನು ದಾಟುವಾಗ ಕೇಳಿದರೂ ಕೆಲವಕ್ಕೆ ಬರುತ್ತದೆ. ತಲೆಯನ್ನು ಹೊರಗೆ ತಿರುಗಿಸಿ ಲೀಡ್ ಹಿಡಿಸುವವರೂ ಇದ್ದಾರೆ. ನಾನು ಅದನ್ನು ಮಾಡುವುದಿಲ್ಲ. ಲೀಡ್ ಬರಬಹುದು, ಆದರೆ ಕುದುರೆ ಸೊಟ್ಟ ಓಡುವುದನ್ನೇ ಕಲಿಯುತ್ತದೆ.

ತಪ್ಪು ಲೀಡ್ ಬಂದರೆ ಗದರಬೇಡಿ, ಮೆತ್ತಗೆ ಟ್ರಾಟ್‌ಗೆ ತನ್ನಿ, ಅರ್ಧ ಸುತ್ತು ಉಸಿರಾಡಲಿ, ಮತ್ತೆ ಕೇಳಿ. ಟ್ರಾಟ್ ಜೋರಾಗುತ್ತಾ ಹೋದರೆ ಕೇಳಲೇಬೇಡಿ, ಓಡುತ್ತಾ ಓಡುತ್ತಾ ಬಿದ್ದ ಕ್ಯಾಂಟರ್‌ನಲ್ಲಿ ಯಾವ ಕಾಲು ಬರುತ್ತದೋ ಅದಕ್ಕೂ ಗೊತ್ತಿರುವುದಿಲ್ಲ. ಬರದ ಕಡೆಯೊಂದನ್ನೇ ತಿಕ್ಕಬೇಡಿ, ಎರಡೂ ಕಡೆ ಮಾಡಿಸಿ. ಎಡಕ್ಕೆ ಹೂಡಿ ರೂಢಿಯಾದ ಎತ್ತು ಬಲಕ್ಕೆ ಹೂಡಿದರೆ ಎಷ್ಟು ತಿಣುಕುತ್ತದೆ ನೋಡಿದ್ದೀರಲ್ವಾ, ಕುದುರೆಗೂ ಹಾಗೇ ಒಂದು ಸಲೀಸಾದ ಕಡೆ ಇರುತ್ತದೆ.

ಸರಿ ಲೀಡ್ ಬಂತಾ, 6–7 ಹೆಜ್ಜೆ ಸಾಕು. ಬಾಯಲ್ಲಿ ಮೆಚ್ಚಿ, ಕುತ್ತಿಗೆ ತಟ್ಟಿ, ನಡಿಗೆಗೆ ತನ್ನಿ. ನನ್ನದು ಮೊದಲ ಸಲ ಎಡ ಲೀಡ್ ಹಿಡಿದ ದಿನ ಅಲ್ಲೇ ಇಳಿದು, ಹೊಟ್ಟೆಪಟ್ಟಿ ಸಡಿಲಿಸಿ, ಲಗಾಮು ಹಿಡಿದು ಮನೆವರೆಗೂ ಜೊತೆಗೆ ನಡೆದೆ. ಮರುದಿನ ಮೊದಲ ಸುತ್ತಿಗೇ ಎಡಗಾಲು ಚಾಚಿತು.