ಕಾಫಿಯ ಹೊತ್ತು ಬದಲಿಸಿದ ಮೇಲೆ

ಮೂರು ವರ್ಷಗಳ ಹಿಂದೆ, ನಾನು ಪಾಠ ಮಾಡುವ ಶಾಲೆಯ ಎರಡನೆಯ ಮಹಡಿಗೆ ಹತ್ತುವಾಗ ನಡುವೆ ಮೆಟ್ಟಿಲ ಕಂಬಿ ಹಿಡಿದು ನಿಂತು ಉಸಿರು ತೆಗೆದುಕೊಳ್ಳಬೇಕಾಗುತ್ತಿತ್ತು. ವಯಸ್ಸು ನಲವತ್ತಕ್ಕೆ ಬಂತು, ಇದೆಲ್ಲ ಸಹಜವೆಂದು ತಿಂಗಳುಗಟ್ಟಲೆ ಸುಮ್ಮನಿದ್ದೆ. ಕೊನೆಗೆ ವೈದ್ಯರ ಬಳಿ ಹೋದಾಗ ಅವರು ನನ್ನ ಕೆಳರೆಪ್ಪೆಯನ್ನು ಬೆರಳಿನಿಂದ ಮೆಲ್ಲಗೆ ಎಳೆದು, ಒಳಭಾಗ ಬಿಳಿಚಿಕೊಂಡಿರುವುದನ್ನು ನೋಡಿ ರಕ್ತಪರೀಕ್ಷೆಗೆ ಬರೆದುಕೊಟ್ಟರು. ಹಿಮೋಗ್ಲೋಬಿನ್ ಡೆಸಿಲೀಟರ್ ರಕ್ತಕ್ಕೆ 8.6 ಗ್ರಾಂ ಇತ್ತು. ಗರ್ಭಿಣಿಯಲ್ಲದ ಹೆಂಗಸರಲ್ಲಿ ಅದು 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆಯೆಂದೇ ಲೆಕ್ಕ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರ ಪೈಕಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತ್ತು ಎಂಬುದು ನನಗೆ ಗೊತ್ತಾದದ್ದು ಆಮೇಲೆ.

ನುಗ್ಗೆಸೊಪ್ಪು, ದಂಟಿನ ಸೊಪ್ಪು, ಹುರುಳಿಕಾಳಿನ ಬಸ್ಸಾರು ತಪ್ಪದೆ ಆಗುವ ಮನೆಯಲ್ಲಿ ಹೀಗೇಕಾಯಿತೆಂದು ಕೇಳಿದಾಗ, ವೈದ್ಯರು, "ಊಟ ತಿಂಡಿ ಆದ ಕೂಡಲೇ ಏನು ಕುಡೀತೀರಮ್ಮ?" ಎಂದರು. ಬೆಳಗಿನ ರೊಟ್ಟಿಯ ಜೊತೆಗೇ ಒಂದು ಲೋಟ ಕಾಫಿ, ಮಧ್ಯಾಹ್ನ ಊಟ ಮುಗಿದ ಬೆನ್ನಿಗೇ ಚಹಾ ನನ್ನ ರೂಢಿ. ಹಿಮೋಗ್ಲೋಬಿನ್ ಆಗಲು ಕಬ್ಬಿಣಾಂಶ ಬೇಕು; ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣಾಂಶ ಮೊದಲೇ ಮೈಗೆ ಹತ್ತುವುದು ಕಡಿಮೆ. ಕಾಫಿ ಚಹಾಗಳಲ್ಲಿರುವ ಒಗರಿನ ಅಂಶಗಳು ಅದನ್ನೂ ಕಟ್ಟಿಹಾಕಿ ಕರುಳು ಹೀರಿಕೊಳ್ಳದಂತೆ ತಡೆಯುತ್ತವೆ, ಸಿ ಜೀವಸತ್ವವಾದರೋ ಹೀರಿಕೆಯನ್ನು ಹೆಚ್ಚಿಸುತ್ತದೆ. ಅಂದಿನಿಂದ ಕಾಫಿಯನ್ನು ತಿಂಡಿ ಮುಗಿದು ಎರಡು ಗಂಟೆ ಕಳೆದ ಮೇಲಕ್ಕೆ ತಳ್ಳಿದೆ. ಪಲ್ಯವನ್ನು ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡುವುದನ್ನೂ, ಊಟದ ಜೊತೆ ಹಸಿ ನೆಲ್ಲಿಕಾಯಿಯ ಚಟ್ನಿ ಹಾಕಿಕೊಳ್ಳುವುದನ್ನೂ ರೂಢಿಸಿಕೊಂಡೆ.

ಕಬ್ಬಿಣದ ಮಾತ್ರೆಯೇ ಹೆಚ್ಚು ಕಷ್ಟ ಕೊಟ್ಟಿತು. ಹೊಟ್ಟೆ ತೊಳಸಿ, ಮಲಬದ್ಧತೆಯಾಗಿ, ಮಲ ಕಪ್ಪಗಾದದ್ದು ಕಂಡು ಹೆದರಿ ಎರಡು ಸಲ ನಾನಾಗಿಯೇ ನಿಲ್ಲಿಸಿಬಿಟ್ಟೆ. ಹಾಗೆ ನಿಲ್ಲಿಸಿದ್ದು ತಪ್ಪು, ಹೇಳಿದ್ದರೆ ಅಂದೇ ಪರಿಹಾರ ಸಿಗುತ್ತಿತ್ತು. ವೈದ್ಯರು ದಿನ ಬಿಟ್ಟು ದಿನ ನುಂಗಲು ಹೇಳಿ, ಮಲ ಕಪ್ಪಗಾಗುವುದು ಈ ಮಾತ್ರೆಗೆ ಸಹಜವೆಂದು ತಿಳಿಸಿದ ಮೇಲೆ ತಪ್ಪಿಸಲಿಲ್ಲ.

ಇದಕ್ಕಿಂತ ಮುಖ್ಯವಾದದ್ದೊಂದನ್ನು ನಾನು ಹೇಳದೇ ಉಳಿಸಿಕೊಂಡಿದ್ದೆ. ಮುಟ್ಟು ಎಂಟು ದಿನ ಹರಿಯುವುದು, ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸುವುದು ಎಲ್ಲರಿಗೂ ಇರುವುದೇ ಎಂದು ನಂಬಿದ್ದೆ, ಏಕೆಂದರೆ ನಮ್ಮಮ್ಮನೂ ಹಾಗೇ ಇದ್ದಳು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮೂರು ತಿಂಗಳು ದಿನ, ಪ್ಯಾಡುಗಳ ಸಂಖ್ಯೆ ಬರೆದು ತೋರಿಸಿದ ಮೇಲಷ್ಟೇ ಅತಿಸ್ರಾವಕ್ಕೆ ಬೇರೆಯಾಗಿ ಚಿಕಿತ್ಸೆ ಶುರುವಾಯಿತು. ತೂತಾದ ಕೊಡಕ್ಕೆ ಎಷ್ಟು ನೀರು ಹೊಯ್ದರೇನು?

ಐದನೆಯ ತಿಂಗಳಿಗೆ ಹಿಮೋಗ್ಲೋಬಿನ್ 12.3ಕ್ಕೆ ಬಂತು. ಮೈಯಲ್ಲಿನ ಕಬ್ಬಿಣದ ದಾಸ್ತಾನು ತುಂಬಲೆಂದು ಇನ್ನೂ ಮೂರು ತಿಂಗಳು ಮಾತ್ರೆ ಮುಂದುವರಿಸಿದೆ. ಈಗ ನನ್ನ ಕಾಫಿ ಹನ್ನೊಂದು ಗಂಟೆಗೆ ಸ್ಟಾಫ್ ರೂಮಿನಲ್ಲಿ; ಕ್ಯಾಲೆಂಡರಿನಲ್ಲಿ ನನ್ನ ಗುರುತಿನ ಪಕ್ಕದಲ್ಲಿ ಮಗಳ ಗುರುತೂ ಇದೆ.